ಡೇಟಾಬೇಸ್ ಟ್ರಿಗರ್: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಿಗರ್ ಬಗ್ಗೆ ಜೊತೆಗೆ ಕೆಲಸ ಮಾಡುವವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ದಿನಾ ಬಳಸುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್, ಹಾಗಾಗಿ ಅದರ ಮಾತೇ ಜಾಸ್ತಿ. ಮೈಎಸ್‌ಕ್ಯೂಎಲ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಬೇರೆ ದಾರಿ ಹಿಡಿಯುವ ಕಡೆ ಅದನ್ನೂ ಹೇಳಿದ್ದೇನೆ. ಉದಾಹರಣೆಗೆಲ್ಲ ಒಂದೇ ಅಂಗಡಿ ಇಟ್ಟುಕೊಳ್ಳೋಣ. ಪುಸ್ತಕ, ಪೆನ್ನು ಮಾರುವ ಅಂಗಡಿ. ಅದಕ್ಕೆ ಸ್ಟಾಕ್ ಅಂತ ಒಂದು ಟೇಬಲ್, ಆರ್ಡರ್ ಅಂತ ಒಂದು, ಆರ್ಡರ್‌ನ ಒಂದೊಂದು ವಸ್ತುವನ್ನು ಬರೆಯುವ ಆರ್ಡರ್ ಐಟಂ ಅಂತ ಇನ್ನೊಂದು.

### ಟ್ರಿಗರ್ ಅಂದ್ರೆ ಏನು? ಚಿಕ್ಕದಾಗಿ ಹೇಳಿ.

ಟೇಬಲ್‌ಗೆ ಇನ್ಸರ್ಟ್ (ಸಾಲು ಸೇರಿಸು), ಅಪ್‌ಡೇಟ್ (ತಿದ್ದು) ಅಥವಾ ಡಿಲೀಟ್ (ಅಳಿಸು) ಬಂದಾಗ ಡೇಟಾಬೇಸ್ ತಾನಾಗಿ ಓಡಿಸುವ ಕೋಡ್. ಅದನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ.

ಈ ಕೊನೆಯ ಮಾತೇ ಮುಖ್ಯ. ಇನ್ಸರ್ಟ್ ಬರೆದವನಿಗೆ ಅದರ ಹಿಂದೆ ಇನ್ನೇನೋ ಓಡುತ್ತಿದೆ ಅನ್ನುವುದು ಗೊತ್ತೇ ಇರುವುದಿಲ್ಲ. ಟ್ರಿಗರ್‌ನಿಂದ ಆಗುವ ಲಾಭವೂ ಇದರಿಂದಲೇ, ಬರುವ ತಲೆನೋವೂ ಇದರಿಂದಲೇ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

### ಹಾಗಾದ್ರೆ ಯಾವ ಕೆಲಸಕ್ಕೆ ಟ್ರಿಗರ್ ಬರೆಯಬಹುದು?

ಯಾವ ದಾರಿಯಲ್ಲಿ ಡೇಟಾ ಬಂದರೂ ತಪ್ಪದೇ ಆಗಲೇಬೇಕಾದ ಕೆಲಸಕ್ಕೆ. ವೆಬ್‌ಸೈಟ್‌ನಿಂದ ಬರಲಿ, ಮೊಬೈಲ್ ಆ್ಯಪ್‌ನಿಂದ ಬರಲಿ, ರಾತ್ರಿ ಓಡುವ ಸ್ಕ್ರಿಪ್ಟ್‌ನಿಂದ ಬರಲಿ, ಅಥವಾ ಯಾರೋ ಒಬ್ಬರು ನೇರವಾಗಿ ಕನ್ಸೋಲ್ ತೆಗೆದು ಅಪ್‌ಡೇಟ್ ಹೊಡೆಯಲಿ. ಯಾರು ಯಾವ ಬೆಲೆಯನ್ನು ಯಾವಾಗ ಬದಲಿಸಿದರು ಅನ್ನುವ ಆಡಿಟ್ ದಾಖಲೆ ಇಂಥ ಕೆಲಸ. ಕೊನೆಯ ಬಾರಿ ತಿದ್ದಿದ ಸಮಯ ಬರೆಯುವುದು ಇನ್ನೊಂದು. ಮೈಎಸ್‌ಕ್ಯೂಎಲ್‌ನಲ್ಲಿ ಈ ಎರಡನೆಯದಕ್ಕೆ ಟ್ರಿಗರ್ ಬೇಕಿಲ್ಲ. ಕಾಲಂ ಮಾಡುವಾಗಲೇ ‘ಆನ್ ಅಪ್‌ಡೇಟ್ ಕರೆಂಟ್ ಟೈಮ್‌ಸ್ಟ್ಯಾಂಪ್’ ಅಂತ ಬರೆದರೆ ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ ಆ ಸೌಲಭ್ಯ ಇಲ್ಲ, ಟ್ರಿಗರೇ ಬೇಕು.

### ಯಾವುದಕ್ಕೆ ಬೇಡ?

ಡೇಟಾಬೇಸ್ ಆಗಲೇ ಚೆನ್ನಾಗಿ ಮಾಡುವ ಕೆಲಸಕ್ಕೆ. ಬೆಲೆ ಸೊನ್ನೆಗಿಂತ ಜಾಸ್ತಿ ಇರಬೇಕು ಅಂದರೆ ಚೆಕ್ ಕನ್‌ಸ್ಟ್ರೇಂಟ್ (ಟೇಬಲ್‌ಗೇ ಕಟ್ಟಿದ ನಿಯಮ) ಇದೆ. ಒಂದೇ ಬಿಲ್ ನಂಬರ್ ಎರಡು ಸಲ ಬರಬಾರದು ಅಂದರೆ ಯೂನಿಕ್ ಇದೆ. ಆರ್ಡರ್ ಇಲ್ಲದೆ ಆರ್ಡರ್ ಐಟಂ ಇರಬಾರದು ಅಂದರೆ ಫಾರಿನ್ ಕೀ ಇದೆ. ದರ ಇಂಟು ಸಂಖ್ಯೆ ಲೆಕ್ಕ ಹಾಕಿ ಮೊತ್ತ ಬರೆಯಬೇಕು ಅಂದರೆ ಜನರೇಟೆಡ್ ಕಾಲಂ ಇದೆ. ಇದು ಮೈಎಸ್‌ಕ್ಯೂಎಲ್‌ಗೆ 5.7ನೇ ಆವೃತ್ತಿಯಲ್ಲೂ ಪೋಸ್ಟ್‌ಗ್ರೆಸ್‌ಗೆ 12ರಲ್ಲೂ ಬಂತು. ಒಂದೇ ಕೋಣೆ ಒಂದೇ ಹೊತ್ತಿಗೆ ಇಬ್ಬರಿಗೆ ಬುಕ್ ಆಗಬಾರದು ಅನ್ನುವಂಥ ನಿಯಮಕ್ಕೂ ಪೋಸ್ಟ್‌ಗ್ರೆಸ್‌ನಲ್ಲಿ 9.0ರಿಂದ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಇದೆ.

ಕನ್‌ಸ್ಟ್ರೇಂಟ್ ಯಾಕೆ ಮೇಲು ಅಂದ್ರೆ, ಟೇಬಲ್‌ನ ವಿವರ ತೆಗೆದರೆ ಅದು ಕಣ್ಣಿಗೆ ಬೀಳುತ್ತದೆ. ಸೇರಿಸುವಾಗ ಟೇಬಲ್‌ನಲ್ಲಿ ಮೊದಲೇ ಇರುವ ಸಾಲುಗಳನ್ನೂ ಸಾಮಾನ್ಯವಾಗಿ ಪರೀಕ್ಷೆ ಮಾಡುತ್ತದೆ. ಟ್ರಿಗರ್ ಹಾಗಲ್ಲ. ಬರೆದ ದಿನದಿಂದ ಈಚೆಗೆ ಬಂದದ್ದನ್ನು ಮಾತ್ರ ನೋಡುತ್ತದೆ. ಹಳೇ ಕೊಳೆ ಹಾಗೇ ಉಳಿಯುತ್ತದೆ.

### ಬಿಫೋರ್ ಬರೆಯಬೇಕೋ, ಆಫ್ಟರೋ?

ಬಿಫೋರ್ ಟ್ರಿಗರ್ ಸಾಲು ಬದಲಾಗುವ ಮುಂಚೆ ಓಡುತ್ತದೆ, ಆಫ್ಟರ್ ಟ್ರಿಗರ್ ಬದಲಾದ ಮೇಲೆ. ಬರುತ್ತಿರುವ ಸಾಲನ್ನೇ ತಿದ್ದಬೇಕಾದರೆ ಬಿಫೋರ್. ಫೋನ್ ನಂಬರ್‌ನ ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುವುದು, ತಿದ್ದಿದ ಸಮಯ ತುಂಬುವುದು ಇಂಥವು. ಬೇರೆ ಟೇಬಲ್‌ನಲ್ಲಿ ಏನಾದರೂ ಬರೆಯಬೇಕಾದರೆ ಆಫ್ಟರ್. ಯಾಕೆಂದರೆ ನಿಮ್ಮ ಬಿಫೋರ್ ಆದಮೇಲೆ ಇನ್ನೊಂದು ಬಿಫೋರ್ ಟ್ರಿಗರ್ ಓಡಿ ಸಾಲನ್ನು ಮತ್ತೆ ಬದಲಿಸಬಹುದು, ಅಥವಾ ಬೇಡ ಅಂತ ಬಿಟ್ಟೇಬಿಡಬಹುದು. ಕೊನೆಗೆ ನಿಜವಾಗಿ ಟೇಬಲ್‌ಗೆ ಹೋದದ್ದು ಏನು ಅಂತ ಆಫ್ಟರ್‌ಗೆ ಮಾತ್ರ ಗೊತ್ತು.

ಇನ್ನೊಂದು ಮೂಲೆ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಆನ್ ಕಾನ್‌ಫ್ಲಿಕ್ಟ್ ಡೂ ಅಪ್‌ಡೇಟ್’ (ಸಾಲು ಮೊದಲೇ ಇದ್ದರೆ ತಿದ್ದು) ಇರುವ ಇನ್ಸರ್ಟ್‌ನಲ್ಲಿ ಸಾಲು ಮೊದಲೇ ಇದ್ದು ಕೊನೆಗೆ ಅಪ್‌ಡೇಟ್ ಆದರೂ ಬಿಫೋರ್ ಇನ್ಸರ್ಟ್ ಟ್ರಿಗರ್ ಓಡಿಯೇ ಓಡುತ್ತದೆ. ಮೈಎಸ್‌ಕ್ಯೂಎಲ್‌ನ ‘ಆನ್ ಡ್ಯೂಪ್ಲಿಕೇಟ್ ಕೀ ಅಪ್‌ಡೇಟ್’ ಕೂಡ ಹೀಗೇ. ಹೊಸ ಗ್ರಾಹಕರ ಎಣಿಕೆಯನ್ನು ಬಿಫೋರ್ ಇನ್ಸರ್ಟ್‌ನಲ್ಲಿ ಏರಿಸುವವರಿಗೆ ಲೆಕ್ಕ ತಪ್ಪುವುದು ಇಲ್ಲೇ.

### ಡಿಲೀಟ್ ಮಾಡಿದೆ. ಎರರ್ ಬರಲಿಲ್ಲ. ಆದ್ರೆ ಸಾಲು ಹಾಗೇ ಇದೆ! ಏನಿದು?

ಪೋಸ್ಟ್‌ಗ್ರೆಸ್ ಅಲ್ವಾ? ಹಾಗಾದರೆ ಬಹುಮಟ್ಟಿಗೆ ಟ್ರಿಗರ್ ಫಂಕ್ಷನ್‌ನ (ಟ್ರಿಗರ್ ಓಡಿಸುವ ಕೋಡ್‌ನ) ಕೊನೆಯ ಸಾಲಿನಲ್ಲಿ ‘ರಿಟರ್ನ್ ನ್ಯೂ’ (ಹೊಸ ಸಾಲನ್ನು ಹಿಂದಿರುಗಿಸು) ಅಂತ ಇರುತ್ತದೆ. ನೋಡಿ.

ನಡೆಯುವುದು ಇಷ್ಟು. ಸಾಲಿಗೊಂದು ಬಾರಿ ಓಡುವ ಬಿಫೋರ್ ಟ್ರಿಗರ್ ಏನನ್ನು ಹಿಂದಿರುಗಿಸುತ್ತದೋ ಅದರ ಮೇಲೆ ಮುಂದಿನದು ನಿಂತಿದೆ. ಒಂದು ಸಾಲನ್ನು ಕೊಟ್ಟರೆ ಕೆಲಸ ಮುಂದುವರಿಯುತ್ತದೆ. ನಲ್ (ಏನೂ ಇಲ್ಲ ಅನ್ನುವ ಗುರುತು) ಕೊಟ್ಟರೆ ‘ಈ ಸಾಲನ್ನು ಬಿಟ್ಟುಬಿಡು’ ಅಂತ ಅರ್ಥ. ಅದು ಎರರ್ ಅಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ಈಗ ಡಿಲೀಟ್ ಬಂತು ಅನ್ನಿ. ಅಳಿಸುವಾಗ ಹೊಸ ಸಾಲು ಎಲ್ಲಿಂದ ಬರಬೇಕು? ಹಾಗಾಗಿ ‘ನ್ಯೂ’ ಒಳಗೆ ನಲ್ ಇದೆ. ನೀವು ‘ರಿಟರ್ನ್ ನ್ಯೂ’ ಬರೆದಿದ್ದೀರಿ, ಅಂದರೆ ನಲ್ ಕೊಟ್ಟಿದ್ದೀರಿ. ಡೇಟಾಬೇಸ್ ವಿಧೇಯವಾಗಿ ಆ ಸಾಲನ್ನು ಬಿಟ್ಟಿತು. ಪರದೆಯ ಮೇಲೆ ‘ಡಿಲೀಟ್ 0’ ಅಂತ ಬಂದಿರುತ್ತದೆ. ಅದನ್ನು ಯಾರು ಓದುತ್ತಾರೆ?

ಇನ್ಸರ್ಟ್, ಅಪ್‌ಡೇಟ್‌ಗೆ ಬರೆದ ಫಂಕ್ಷನ್ ಅನ್ನೇ ಆಮೇಲೆ ಯಾರೋ ಡಿಲೀಟ್‌ಗೂ ಕಟ್ಟಿದಾಗ ಹೀಗಾಗುತ್ತದೆ. ಮೂರಕ್ಕೂ ಒಂದೇ ಫಂಕ್ಷನ್ ಇರಲಿ ಅಂದರೆ ಒಳಗೆ ‘ಟಿಜಿ ಆಪ್’ (ಬಂದದ್ದು ಯಾವ ಕೆಲಸ ಅನ್ನುವುದು) ನೋಡಿ, ಡಿಲೀಟ್ ಆದರೆ ‘ಓಲ್ಡ್’ (ಹಳೇ ಸಾಲು), ಉಳಿದದ್ದಕ್ಕೆ ‘ನ್ಯೂ’ ಹಿಂದಿರುಗಿಸಿ. ಆಡಿಟ್‌ನಂಥ ಕೆಲಸವಾದರೆ ಆಫ್ಟರ್ ಟ್ರಿಗರ್ ಮಾಡಿಬಿಡಿ, ಅಲ್ಲಿ ಏನು ಹಿಂದಿರುಗಿಸಿದರೂ ಡೇಟಾಬೇಸ್ ತಲೆ ಕೆಡಿಸಿಕೊಳ್ಳುವುದಿಲ್ಲ. ಇದರ ಅಣ್ಣತಮ್ಮ ಇನ್ನೊಂದು ತಪ್ಪಿದೆ: ಬಿಫೋರ್ ಅಪ್‌ಡೇಟ್‌ನಲ್ಲಿ ‘ರಿಟರ್ನ್ ಓಲ್ಡ್’. ‘ಅಪ್‌ಡೇಟ್ 1’ ಅಂತ ಬರುತ್ತದೆ, ಬೆಲೆ ಮಾತ್ರ ಹಳೆಯದೇ ಇರುತ್ತದೆ.

### ಸಾಲಿಗೊಂದು ಸಲ ಓಡಬೇಕೋ, ಇಡೀ ಸ್ಟೇಟ್‌ಮೆಂಟ್‌ಗೆ ಒಂದೇ ಸಲವೋ?

ಸ್ಟೇಟ್‌ಮೆಂಟ್ ಅಂದರೆ ಒಂದು ಆಜ್ಞೆ, ಅದು ಎಷ್ಟು ಸಾಲು ಮುಟ್ಟಿದರೂ ಸರಿ. ಉತ್ತರ ನಿಮ್ಮ ಡೇಟಾಬೇಸ್ ಯಾವುದು ಅನ್ನುವುದರ ಮೇಲಿದೆ. ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲೈಟ್‌ನಲ್ಲಿ ಸಾಲಿಗೊಂದು ಸಲ ಮಾತ್ರ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಟೇಟ್‌ಮೆಂಟ್‌ಗೆ ಒಂದು ಸಲ ಮಾತ್ರ. ಪೋಸ್ಟ್‌ಗ್ರೆಸ್, ಒರಾಕಲ್‌ನಲ್ಲಿ ಎರಡೂ ಇವೆ.

ಎಸ್‌ಕ್ಯೂಎಲ್ ಸರ್ವರ್‌ನವರು ಮಾಡುವ ತಪ್ಪನ್ನು ಬಿಡಿಸಿ ಹೇಳಲೇಬೇಕು. ಅಲ್ಲಿ ಬದಲಾದ ಸಾಲುಗಳೆಲ್ಲ ‘ಇನ್ಸರ್ಟೆಡ್’, ‘ಡಿಲೀಟೆಡ್’ ಅನ್ನುವ ಎರಡು ತಾತ್ಕಾಲಿಕ ಟೇಬಲ್‌ಗಳಲ್ಲಿ ಸಿಗುತ್ತವೆ. ಹೊಸಬರು ‘ಇನ್ಸರ್ಟೆಡ್’ನಿಂದ ಐಡಿಯನ್ನು ಒಂದು ವೇರಿಯಬಲ್‌ಗೆ ಎತ್ತಿಕೊಂಡು ಮುಂದಿನ ಕೆಲಸ ಮಾಡುತ್ತಾರೆ. ಒಂದೊಂದೇ ಸಾಲು ಹಾಕಿ ಟೆಸ್ಟ್ ಮಾಡಿದಾಗ ಎಲ್ಲ ಸರಿ. ಒಂದು ದಿನ ಯಾರೋ ನೂರು ಪುಸ್ತಕಗಳ ಬೆಲೆಯನ್ನು ಒಂದೇ ಅಪ್‌ಡೇಟ್‌ನಲ್ಲಿ ಬದಲಿಸುತ್ತಾರೆ. ವೇರಿಯಬಲ್‌ಗೆ ಸಿಗುವುದು ನೂರರಲ್ಲಿ ಒಂದು. 99 ಪುಸ್ತಕಗಳಿಗೆ ಆಡಿಟ್ ಇಲ್ಲ, ಎರರೂ ಇಲ್ಲ. ಅಲ್ಲಿ ಟ್ರಿಗರ್ ಬರೆಯುವಾಗ ‘ಇನ್ಸರ್ಟೆಡ್’ನಲ್ಲಿ ಒಂದೇ ಸಾಲು ಇದೆ ಅಂತ ಯಾವತ್ತೂ ಅಂದುಕೊಳ್ಳಬೇಡಿ. ಜಾಯಿನ್ ಮಾಡಿ (ಅದರ ಎಲ್ಲ ಸಾಲುಗಳನ್ನೂ ಟೇಬಲ್ ಜೊತೆ ಹೊಂದಿಸಿ) ಬರೆಯಿರಿ. ಸೊನ್ನೆ ಸಾಲೂ ಇರಬಹುದು, ಯಾವ ಸಾಲಿಗೂ ತಾಗದ ಅಪ್‌ಡೇಟ್ ಬಂದರೂ ಅಲ್ಲಿ ಟ್ರಿಗರ್ ಓಡುತ್ತದೆ.

### ಟ್ರಿಗರ್ ಹಾಕಿದ ಮೇಲೆ ಎಲ್ಲ ನಿಧಾನ ಆಗಿದೆ.

ಮೊದಲು ನೋಡಬೇಕಾದದ್ದು, ಬೇಕಿಲ್ಲದಾಗಲೂ ಓಡುತ್ತಿದೆಯಾ ಅಂತ. ಬೆಲೆ ಬದಲಾದಾಗ ಮಾತ್ರ ಆಡಿಟ್ ಬೇಕು ಅಂದರೆ ಫಂಕ್ಷನ್ ಒಳಗೆ ‘ಇಫ್’ ಹಾಕಬೇಡಿ, ಟ್ರಿಗರ್‌ಗೇ ‘ವೆನ್’ ಷರತ್ತು ಕೊಡಿ. ಆಗ ಫಂಕ್ಷನ್ ಕರೆಯುವ ಖರ್ಚೇ ಉಳಿಯುತ್ತದೆ. ಹಳೇ ಬೆಲೆ, ಹೊಸ ಬೆಲೆ ಹೋಲಿಸುವಾಗ ‘ಈಸ್ ಡಿಸ್ಟಿಂಕ್ಟ್ ಫ್ರಂ’ ಬಳಸಿ. ಸಾದಾ ಅಸಮ ಚಿಹ್ನೆ ಹಾಕಿದರೆ ನಲ್‌ನಿಂದ 200 ರೂಪಾಯಿಗೆ ಹೋದ ಬದಲಾವಣೆ ತಪ್ಪಿಹೋಗುತ್ತದೆ. ‘ಅಪ್‌ಡೇಟ್ ಆಫ್ ಬೆಲೆ’ ಅಂತ ಕಾಲಂ ಹೆಸರು ಕೊಟ್ಟರೆ ಸಾಲದೇ ಅಂತ ಕೇಳುತ್ತಾರೆ. ಅದು ನೋಡುವುದು ಅಪ್‌ಡೇಟ್‌ನ ‘ಸೆಟ್’ ಪಟ್ಟಿಯಲ್ಲಿ ಬೆಲೆ ಇದೆಯಾ ಅಂತ ಮಾತ್ರ. ಅದೇ ಬೆಲೆಯನ್ನು ಮತ್ತೆ ಬರೆದರೂ ಓಡುತ್ತದೆ. ಇನ್ನೊಂದು ಬಿಫೋರ್ ಟ್ರಿಗರ್ ಒಳಗಿಂದ ಬೆಲೆ ಬದಲಿಸಿದರೆ ಓಡುವುದಿಲ್ಲ.

ಒಂದೇ ಏಟಿಗೆ ಲಕ್ಷಗಟ್ಟಲೆ ಸಾಲು ಬದಲಿಸುವ ಟೇಬಲ್ ಆದರೆ ಪೋಸ್ಟ್‌ಗ್ರೆಸ್ 10ರಿಂದ ಬಂದ ಟ್ರಾನ್ಸಿಷನ್ ಟೇಬಲ್ ಬಳಸಿ. ಸ್ಟೇಟ್‌ಮೆಂಟ್ ಮುಗಿದ ಮೇಲೆ ಒಂದೇ ಸಲ ಟ್ರಿಗರ್ ಓಡುತ್ತದೆ, ಬದಲಾದ ಸಾಲುಗಳೆಲ್ಲ ಟೇಬಲ್ ರೂಪದಲ್ಲಿ ಕೈಗೆ ಸಿಗುತ್ತವೆ, ಒಂದೇ ಇನ್ಸರ್ಟ್‌ನಲ್ಲಿ ಆಡಿಟ್ ಮುಗಿಯುತ್ತದೆ.

ಇನ್ನೂ ನಿಧಾನ ಅಂದರೆ ಲಾಕ್ (ಒಬ್ಬರು ತಿದ್ದುತ್ತಿರುವ ಸಾಲನ್ನು ಇನ್ನೊಬ್ಬರು ತಿದ್ದದಂತೆ ಹಿಡಿದಿಡುವುದು) ನೋಡಿ. ‘ಇವತ್ತಿನ ಒಟ್ಟು ವ್ಯಾಪಾರ’ ಅಂತ ಒಂದೇ ಸಾಲು ಇಟ್ಟು, ಪ್ರತಿ ಆರ್ಡರ್‌ಗೂ ಟ್ರಿಗರ್ ಅದನ್ನು ಏರಿಸುತ್ತಿದ್ದರೆ, ಅಂಗಡಿಯ ಎಲ್ಲ ಕೌಂಟರ್‌ಗಳೂ ಆ ಒಂದು ಸಾಲಿನ ಮುಂದೆ ಕ್ಯೂ ನಿಂತಂತೆಯೇ.

### ಟ್ರಿಗರ್‌ನಿಂದ ಎಸ್‌ಎಂಎಸ್, ಇಮೇಲ್ ಕಳಿಸಬಹುದಾ?

ಬೇಡ. ಕಳಿಸಲು ದಾರಿಗಳು ಇವೆ, ಅದೇ ಅಪಾಯ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಆರ್ಡರ್ ಟೇಬಲ್‌ಗೆ ಇಂಥದ್ದೊಂದು ಟ್ರಿಗರ್ ಇತ್ತು. ಆರ್ಡರ್ ಬಂದ ಕೂಡಲೇ ಎಸ್‌ಎಂಎಸ್ ಕಳಿಸುವ ಸರ್ವಿಸ್ ಅನ್ನು ನೇರವಾಗಿ ಕರೆಯುತ್ತಿತ್ತು. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ಆ ಸರ್ವಿಸ್ ಉತ್ತರ ಕೊಡುವುದನ್ನು ನಿಲ್ಲಿಸಿತು. ಟ್ರಿಗರ್ ಕಾಯುತ್ತಾ ಕೂತಿತು. ಟ್ರಿಗರ್ ಕಾಯುತ್ತಿದೆ ಅಂದರೆ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸಗಳ ಕಟ್ಟು) ಕಾಯುತ್ತಿದೆ, ಟ್ರಾನ್ಸಾಕ್ಷನ್ ಕಾಯುತ್ತಿದೆ ಅಂದರೆ ಅದು ಹಿಡಿದ ಲಾಕ್‌ಗಳೂ ಬಿಡುತ್ತಿಲ್ಲ. ಅದೇ ಪುಸ್ತಕ ಬೇಕಾದವರೆಲ್ಲ ಹಿಂದೆ ಸಿಕ್ಕಿಕೊಂಡರು. ಆಮೇಲೆ ಕನೆಕ್ಷನ್‌ಗಳೇ ಖಾಲಿ. ಬಿಲ್ಲಿಂಗ್ ನಿಂತೇಹೋಯಿತು. ನಾವು ಮೊದಲ ಅರ್ಧ ಗಂಟೆ ನೋಡುತ್ತಿದ್ದದ್ದು ನೆಟ್‌ವರ್ಕ್, ಡಿಸ್ಕ್, ಹೊಸದಾಗಿ ಹಾಕಿದ್ದ ಇಂಡೆಕ್ಸ್. ಆ್ಯಪ್‌ನ ಕೋಡ್‌ನಲ್ಲಿ ಎಲ್ಲೂ ಎಸ್‌ಎಂಎಸ್ ಮಾತೇ ಇರಲಿಲ್ಲವಲ್ಲ! ಮರುದಿನ ಇನ್ನೊಂದು ಗೊತ್ತಾಯಿತು. ರೋಲ್‌ಬ್ಯಾಕ್ ಆದ (ರದ್ದಾಗಿ ವಾಪಸ್ ಹೋದ) ಕೆಲವು ಆರ್ಡರ್‌ಗಳಿಗೂ ‘ನಿಮ್ಮ ಆರ್ಡರ್ ಖಚಿತವಾಗಿದೆ’ ಅಂತ ಮೆಸೇಜ್ ಹೋಗಿತ್ತು. ಡೇಟಾಬೇಸ್ ತನ್ನೊಳಗಿನದನ್ನು ವಾಪಸ್ ತೆಗೆದುಕೊಳ್ಳುತ್ತದೆ, ಹೋದ ಎಸ್‌ಎಂಎಸ್ ಅನ್ನು ವಾಪಸ್ ತರುವುದು ಅದರ ಕೈಲಿಲ್ಲ.

ಆಮೇಲೆ ನಾವು ಮಾಡಿದ್ದನ್ನೇ ನಿಮಗೂ ಹೇಳುತ್ತೇನೆ. ‘ಔಟ್‌ಬಾಕ್ಸ್’ ಅಂತ ಒಂದು ಟೇಬಲ್ ಮಾಡಿ. ಟ್ರಿಗರ್ ಅದರಲ್ಲಿ ಒಂದು ಸಾಲು ಬರೆದು ಸುಮ್ಮನಾಗಲಿ. ಆರ್ಡರ್ ರೋಲ್‌ಬ್ಯಾಕ್ ಆದರೆ ಆ ಸಾಲೂ ಹೋಗುತ್ತದೆ. ಹೊರಗೆ ಒಂದು ಪ್ರೋಗ್ರಾಂ ಆ ಟೇಬಲ್ ಓದಿ ಎಸ್‌ಎಂಎಸ್ ಕಳಿಸಲಿ, ಕಳಿಸಿದ ಮೇಲೆ ಗುರುತು ಹಾಕಲಿ. ಇಂಥ ಪ್ರೋಗ್ರಾಂ ಎರಡು ಮೂರು ಓಡುತ್ತಿದ್ದರೆ ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಬಳಸಿ, ಒಬ್ಬರು ಹಿಡಿದ ಸಾಲನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ 9.5ರಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ 8.0ರಿಂದ. ಆ ಪ್ರೋಗ್ರಾಂ ಅನ್ನು ಎಬ್ಬಿಸಲು ಪೋಸ್ಟ್‌ಗ್ರೆಸ್‌ನ ‘ನೋಟಿಫೈ’ ಚೆನ್ನ. ಟ್ರಾನ್ಸಾಕ್ಷನ್ ಕಮಿಟ್ ಆದಮೇಲೆ (ಖಾಯಂ ಆದಮೇಲೆ) ಮಾತ್ರ ಅದು ತಲುಪುತ್ತದೆ.

### ಸ್ಟಾಕ್ ಕಡಿಮೆ ಮಾಡುವ ಟ್ರಿಗರ್ ಬರೆದೆ. ಆದ್ರೂ ಸ್ಟಾಕ್ ಮೈನಸ್‌ಗೆ ಹೋಗಿದೆ. ಹೇಗೆ?

ನಿಮ್ಮ ಟ್ರಿಗರ್ ಹೀಗಿರಬೇಕು: ಆರ್ಡರ್ ಐಟಂ ಬಂದಾಗ ಸ್ಟಾಕ್ ಎಷ್ಟಿದೆ ಅಂತ ಸೆಲೆಕ್ಟ್ ಮಾಡು, ಸಾಲದಿದ್ದರೆ ಎರರ್ ಕೊಡು, ಸಾಕಾದರೆ ಅಪ್‌ಡೇಟ್ ಮಾಡಿ ಕಳೆ. ಓದಿದರೆ ಸರಿಯಾಗಿಯೇ ಕಾಣುತ್ತದೆ.

ಈಗ ಒಂದೇ ಪೆನ್ನು ಉಳಿದಿದೆ ಅನ್ನಿ. ಇಬ್ಬರು ಒಟ್ಟಿಗೆ ಕೊಳ್ಳಲು ಬಂದರು. ಮೊದಲನೆಯವರ ಟ್ರಿಗರ್ ಓದಿತು, 1 ಇದೆ. ಎರಡನೆಯವರದ್ದೂ ಓದಿತು, 1 ಇದೆ. ಮೊದಲನೆಯದಿನ್ನೂ ಕಮಿಟ್ ಆಗಿಲ್ಲ, ಹಾಗಾಗಿ ಅದು ಕಳೆದದ್ದು ಇವರಿಗೆ ಕಾಣುವುದಿಲ್ಲ. ಇಬ್ಬರೂ ಪರೀಕ್ಷೆಯಲ್ಲಿ ಪಾಸ್. ಮೊದಲನೆಯವರ ಅಪ್‌ಡೇಟ್ ಸೊನ್ನೆ ಮಾಡಿತು. ಎರಡನೆಯವರ ಅಪ್‌ಡೇಟ್ ಲಾಕ್‌ಗಾಗಿ ಕಾದು, ಅವರು ಕಮಿಟ್ ಮಾಡಿದ ಮೇಲೆ, ಸೊನ್ನೆಯಿಂದ ಒಂದನ್ನು ಕಳೆಯಿತು.

ಓದುವುದು, ಪರೀಕ್ಷಿಸುವುದು, ಬರೆಯುವುದು ಮೂರನ್ನೂ ಒಂದೇ ಅಪ್‌ಡೇಟ್‌ಗೆ ತುಂಬಿ. ‘ಸ್ಟಾಕ್‌ನಿಂದ ಇಷ್ಟು ಕಳೆ, ಆದರೆ ಸ್ಟಾಕ್ ಇಷ್ಟು ಅಥವಾ ಜಾಸ್ತಿ ಇದ್ದರೆ ಮಾತ್ರ’ ಅಂತ ‘ವೇರ್’ ಷರತ್ತಿನಲ್ಲೇ ಬರೆಯಿರಿ. ಆಮೇಲೆ ಎಷ್ಟು ಸಾಲು ಬದಲಾಯಿತು ನೋಡಿ. ಸೊನ್ನೆ ಅಂದರೆ ಎರರ್ ಎಬ್ಬಿಸಿ. ಪೋಸ್ಟ್‌ಗ್ರೆಸ್‌ನ ಮಾಮೂಲಿ ‘ರೀಡ್ ಕಮಿಟೆಡ್’ ಮಟ್ಟದಲ್ಲಿ ಲಾಕ್‌ಗೆ ಕಾದ ಅಪ್‌ಡೇಟ್ ಎಚ್ಚರವಾದಾಗ ಸಾಲಿನ ಹೊಸ ರೂಪದ ಮೇಲೆ, ಅಂದರೆ ಈಗ ಸೊನ್ನೆ ಆಗಿರುವ ಸ್ಟಾಕ್‌ನ ಮೇಲೆ, ‘ವೇರ್’ ಅನ್ನು ಮತ್ತೆ ಪರೀಕ್ಷಿಸುತ್ತದೆ. ಜೊತೆಗೆ ಸ್ಟಾಕ್ ಸೊನ್ನೆಗಿಂತ ಇಳಿಯಬಾರದು ಅಂತ ಚೆಕ್ ಕನ್‌ಸ್ಟ್ರೇಂಟ್ ಕೂಡ ಇರಲಿ. ಟ್ರಿಗರ್ ಅನ್ನು ಯಾರಾದರೂ ಆಫ್ ಮಾಡಿದರೂ ಅದು ಕಾವಲಿರುತ್ತದೆ.

ಇದಾದ ಮೇಲೆ ಡೆಡ್‌ಲಾಕ್ ಬರುತ್ತಿದೆ ಅಂದರೆ ಆಶ್ಚರ್ಯ ಬೇಡ. ಒಬ್ಬರ ಆರ್ಡರ್‌ನಲ್ಲಿ ಮೊದಲು ಪೆನ್ನು ಆಮೇಲೆ ಪುಸ್ತಕ, ಇನ್ನೊಬ್ಬರದ್ದರಲ್ಲಿ ಮೊದಲು ಪುಸ್ತಕ ಆಮೇಲೆ ಪೆನ್ನು. ಇಬ್ಬರೂ ಒಂದೊಂದು ಹಿಡಿದು ಇನ್ನೊಂದಕ್ಕೆ ಕಾಯುತ್ತಾರೆ. ಆ್ಯಪ್ ಕಡೆಯಿಂದ ಐಟಂಗಳನ್ನು ಐಡಿಯ ಕ್ರಮದಲ್ಲೇ ಹಾಕಿದರೆ ಈ ಗಂಟು ಬೀಳುವುದಿಲ್ಲ.

### ಟ್ರಿಗರ್ ತನ್ನನ್ನು ತಾನೇ ಕರೆಯುತ್ತಿದೆ. ನಿಲ್ಲಿಸೋದು ಹೇಗೆ?

ಅದೇ ಸಾಲನ್ನು ತಿದ್ದಲು ಆಫ್ಟರ್ ಅಪ್‌ಡೇಟ್ ಒಳಗೆ ಮತ್ತೆ ಅಪ್‌ಡೇಟ್ ಹೊಡೆದಿರುತ್ತೀರಿ. ಬಿಫೋರ್‌ಗೆ ಬದಲಿಸಿ, ‘ನ್ಯೂ’ದ ಕಾಲಂಗೇ ಹೊಸ ಮೌಲ್ಯ ಕೊಟ್ಟುಬಿಡಿ. ಮುಗಿಯಿತು. ‘ಪಿಜಿ ಟ್ರಿಗರ್ ಡೆಪ್ತ್’ ನೋಡಿ ಆಳ ಒಂದಕ್ಕಿಂತ ಜಾಸ್ತಿ ಇದ್ದರೆ ವಾಪಸ್ ಬರುವ ಉಪಾಯ ಹೇಳುವವರಿದ್ದಾರೆ. ನನಗದು ಇಷ್ಟವಿಲ್ಲ. ನಾಳೆ ಬೇರೊಂದು ಟ್ರಿಗರ್ ನ್ಯಾಯವಾಗಿಯೇ ಈ ಟೇಬಲ್‌ಗೆ ಬರೆದಾಗಲೂ ನಿಮ್ಮದು ಓಡದೇ ಕೂರುತ್ತದೆ.

### ಒರಾಕಲ್‌ನಲ್ಲಿ ‘ಮ್ಯುಟೇಟಿಂಗ್ ಟೇಬಲ್’ ಅನ್ನುವ ಎರರ್ ಬರುತ್ತಿದೆ.

ಸಾಲಿಗೊಂದು ಸಲ ಓಡುವ ಟ್ರಿಗರ್, ಈಗ ಬದಲಾಗುತ್ತಿರುವ ಅದೇ ಟೇಬಲ್ ಅನ್ನು ಓದಲು ಹೋಗಿದೆ. ಅರ್ಧ ಬದಲಾದ ಟೇಬಲ್ ಓದಿದರೆ ಉತ್ತರ ತಪ್ಪಾದೀತು ಅಂತ ಒರಾಕಲ್ ತಡೆಯುತ್ತದೆ. 11ಜಿಯಿಂದ ಕಾಂಪೌಂಡ್ ಟ್ರಿಗರ್ ಇದೆ. ಸಾಲಿನ ಹಂತದಲ್ಲಿ ಐಡಿಗಳನ್ನು ಕೂಡಿಟ್ಟು, ಸ್ಟೇಟ್‌ಮೆಂಟ್ ಮುಗಿದ ಹಂತದಲ್ಲಿ ಒಟ್ಟಿಗೆ ನೋಡಿ. ‘ಆಟಾನಮಸ್ ಟ್ರಾನ್ಸಾಕ್ಷನ್’ ಹಾಕಿ ಎರರ್ ಅನ್ನು ಬಾಯಿ ಮುಚ್ಚಿಸಬೇಡಿ. ಅದು ಬೇರೆಯೇ ಟ್ರಾನ್ಸಾಕ್ಷನ್ ಆದ್ದರಿಂದ ನಿಮ್ಮ ಈಗಿನ ಬದಲಾವಣೆ ಅದಕ್ಕೆ ಕಾಣುವುದೇ ಇಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಇದರ ದಾಯಾದಿ 1442 ನಂಬರಿನ ಎರರ್. ಟ್ರಿಗರ್ ಎಬ್ಬಿಸಿದ ಟೇಬಲ್ ಅನ್ನೇ ಟ್ರಿಗರ್ ಒಳಗೆ ಬದಲಿಸಲು ಅದು ಬಿಡುವುದಿಲ್ಲ.

### ಒಂದೇ ಟೇಬಲ್‌ಗೆ ಎರಡು ಮೂರು ಟ್ರಿಗರ್ ಇದ್ರೆ ಯಾವುದು ಮೊದಲು?

ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಬಗೆಯವು ಹೆಸರಿನ ಅಕ್ಷರ ಕ್ರಮದಲ್ಲಿ ಓಡುತ್ತವೆ. ಹಾಗಾಗಿ ಕ್ರಮ ಮುಖ್ಯವಾದರೆ ಹೆಸರಿನ ಮುಂದೆ 10, 20, 30 ಅಂತ ನಂಬರ್ ಹಾಕುವ ರೂಢಿ ಇದೆ. ಮೈಎಸ್‌ಕ್ಯೂಎಲ್ 5.7ರಿಂದ ‘ಫಾಲೋಸ್’, ‘ಪ್ರಿಸೀಡ್ಸ್’ ಬರೆಯಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೊದಲನೆಯದು ಮತ್ತು ಕೊನೆಯದು ಯಾವುದು ಅಂತ ಮಾತ್ರ ಹೇಳಬಹುದು, ನಡುವಿನವು ದೇವರಿಗೆ ಬಿಟ್ಟದ್ದು. ಕ್ರಮದ ಮೇಲೆ ಇಷ್ಟು ನಿಂತಿದೆ ಅಂದರೆ ಎರಡನ್ನೂ ಒಂದೇ ಟ್ರಿಗರ್ ಮಾಡುವುದು ವಾಸಿ.

### ಟ್ರಿಗರ್ ಇದೆ, ಆದ್ರೆ ಓಡಲೇ ಇಲ್ಲ!

ಟ್ರಂಕೇಟ್ (ಇಡೀ ಟೇಬಲ್ ಒಂದೇ ಸಲ ಖಾಲಿ) ಮಾಡಿರಬಹುದು. ಅದು ಡಿಲೀಟ್ ಟ್ರಿಗರ್ ಎಬ್ಬಿಸುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಂಕೇಟ್‌ಗೆಂದೇ ಬೇರೆ ಟ್ರಿಗರ್ ಬರೆಯಬೇಕು. ಮೈಎಸ್‌ಕ್ಯೂಎಲ್ 8.0 ಆದರೆ, ಫಾರಿನ್ ಕೀಯ ಕ್ಯಾಸ್ಕೇಡ್‌ನಿಂದ (ಮೂಲ ಸಾಲು ಹೋದಾಗ ಅದಕ್ಕೆ ಸೇರಿದವೂ ತಾನಾಗಿ ಹೋಗುವುದು) ಅಳಿದ ಸಾಲುಗಳಿಗೆ ಟ್ರಿಗರ್ ಓಡುವುದಿಲ್ಲ. ಆರ್ಡರ್ ಅಳಿಸಿದಾಗ ಅದರ ಐಟಂಗಳ ಆಡಿಟ್ ಸಿಗದೇ ಹೋಗುವುದು ಇದರಿಂದ. ಎಸ್‌ಕ್ಯೂಎಲ್ ಸರ್ವರ್‌ನ ಬಲ್ಕ್ ಇನ್ಸರ್ಟ್ ಕೂಡ ನೀವು ಕೇಳದೇ ಟ್ರಿಗರ್ ಓಡಿಸುವುದಿಲ್ಲ. ಇದ್ಯಾವುದೂ ಅಲ್ಲ ಅಂದರೆ, ಯಾರೋ ಡೇಟಾ ತುಂಬುವಾಗ ‘ಡಿಸೇಬಲ್ ಟ್ರಿಗರ್’ ಮಾಡಿ ಮತ್ತೆ ಆನ್ ಮಾಡಲು ಮರೆತಿದ್ದಾರೆ. ನಾನೂ ಒಮ್ಮೆ ಮರೆತಿದ್ದೇನೆ.

### ಆಡಿಟ್‌ನಲ್ಲಿ ಎಲ್ಲ ಸಾಲಿಗೂ ಒಂದೇ ಯೂಸರ್ ಹೆಸರು ಬರುತ್ತಿದೆ.

ಆ್ಯಪ್ ಒಂದೇ ಡೇಟಾಬೇಸ್ ಯೂಸರ್‌ನಿಂದ ಕನೆಕ್ಟ್ ಆಗುತ್ತದೆ, ಹಾಗಾಗಿ ‘ಕರೆಂಟ್ ಯೂಸರ್’ ಬರೆದರೆ ಅದೇ ಬರುತ್ತದೆ. ಟ್ರಾನ್ಸಾಕ್ಷನ್ ಶುರುವಿನಲ್ಲಿ ಆ್ಯಪ್ ‘ಸೆಟ್ ಲೋಕಲ್’ನಿಂದ ಲಾಗಿನ್ ಆದವರ ಐಡಿ ಇಡಲಿ, ಟ್ರಿಗರ್ ‘ಕರೆಂಟ್ ಸೆಟ್ಟಿಂಗ್’ನಿಂದ ಅದನ್ನು ಓದಲಿ. ‘ಲೋಕಲ್’ ಮರೆಯಬೇಡಿ. ಮರೆತರೆ, ಕನೆಕ್ಷನ್ ಪೂಲ್ (ಅದೇ ಕೆಲವು ಕನೆಕ್ಷನ್‌ಗಳನ್ನು ಎಲ್ಲರಿಗೂ ಸರದಿಯಲ್ಲಿ ಕೊಡುವ ವ್ಯವಸ್ಥೆ) ಇದ್ದಾಗ ಒಬ್ಬರ ಐಡಿ ಮುಂದಿನವರ ಕೆಲಸಕ್ಕೆ ಅಂಟಿಕೊಳ್ಳುತ್ತದೆ. ಆಡಿಟ್‌ನಲ್ಲಿ ಹೆಸರೇ ಇಲ್ಲದಿದ್ದರೂ ಪರವಾಗಿಲ್ಲ, ತಪ್ಪು ಹೆಸರು ಇರಬಾರದು.

### ಎರರ್ ಮೆಸೇಜ್ ಹೇಗಿರಬೇಕು?

ಓದುವವರಿಗೆ ಟ್ರಿಗರ್ ಇದೆ ಅಂತಲೇ ಗೊತ್ತಿಲ್ಲ ಅಂದುಕೊಂಡು ಬರೆಯಿರಿ. ‘ತಪ್ಪು ಡೇಟಾ’ ಅಂದರೆ ಏನೂ ತಿಳಿಯುವುದಿಲ್ಲ. ‘ಐಟಂ 412: ಕೇಳಿದ್ದು 3, ಸ್ಟಾಕ್‌ನಲ್ಲಿ ಇರುವುದು 1’ ಅಂದರೆ ರಾತ್ರಿ ಎರಡಕ್ಕೆ ಎದ್ದವರೂ ಹಿಡಿಯುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ‘ರೈಸ್ ಎಕ್ಸೆಪ್ಷನ್’, ಮೈಎಸ್‌ಕ್ಯೂಎಲ್‌ನಲ್ಲಿ ‘ಸಿಗ್ನಲ್’ ಮತ್ತು 45000 ಅನ್ನುವ ಕೋಡ್. ಎರರ್ ಹಿಡಿದು ನುಂಗಿಹಾಕುವ ಕೋಡ್ ಮಾತ್ರ ಟ್ರಿಗರ್ ಒಳಗೆ ಬೇಡವೇ ಬೇಡ.

### ಹಳೇ ಪ್ರಾಜೆಕ್ಟ್ ಕೈಗೆ ಬಂದಿದೆ, ತುಂಬಾ ಟ್ರಿಗರ್ ಇವೆ. ಎಲ್ಲಿಂದ ಶುರು ಮಾಡಲಿ?

ಪಟ್ಟಿಯಿಂದ. ಮೈಎಸ್‌ಕ್ಯೂಎಲ್‌ನಲ್ಲಿ ‘ಶೋ ಟ್ರಿಗರ್ಸ್’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಸಿಸ್ ಟ್ರಿಗರ್ಸ್’, ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಟ್ರಿಗರ್’ ಕ್ಯಾಟಲಾಗ್. ಕೊನೆಯದರಲ್ಲಿ ಫಾರಿನ್ ಕೀಗೆ ಡೇಟಾಬೇಸ್ ತಾನೇ ಮಾಡಿಕೊಂಡ ಟ್ರಿಗರ್‌ಗಳೂ ಬರುತ್ತವೆ, ‘ಟಿಜಿ ಈಸ್ ಇಂಟರ್ನಲ್’ ನೋಡಿ ಅವನ್ನು ಬಿಡಿ. ಡಿಸೇಬಲ್ ಆಗಿರುವವನ್ನು ಬೇರೆ ಗುರುತು ಮಾಡಿ.

ಆಮೇಲೆ ಒಂದೊಂದನ್ನೂ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಧನಕ್ಕೆ) ತನ್ನಿ. ಆ್ಯಪ್ ಕೋಡ್ ಪಕ್ಕದಲ್ಲೇ, ಟೇಬಲ್ ಹೆಸರಿನ ಫೋಲ್ಡರ್‌ನಲ್ಲಿ ಇಡಿ. ಟೇಬಲ್‌ಗೇ ಒಂದು ಕಾಮೆಂಟ್ ಹಾಕಿ, ಇದರ ಮೇಲೆ ಇಂಥ ಟ್ರಿಗರ್ ಇದೆ ಅಂತ. ಪ್ರತಿಯೊಂದಕ್ಕೂ ಮೂರು ಟೆಸ್ಟ್ ಬರೆಯಿರಿ: ಒಂದು ಸಾಲು, ಹಲವು ಸಾಲು, ಯಾವ ಸಾಲಿಗೂ ತಾಗದ ಅಪ್‌ಡೇಟ್. ಟ್ರಾನ್ಸಾಕ್ಷನ್ ತೆಗೆದು, ಓಡಿಸಿ, ರೋಲ್‌ಬ್ಯಾಕ್ ಮಾಡಿದರೆ ಡೇಟಾ ಹಾಳಾಗುವುದಿಲ್ಲ.

ತೆಗೆಯುವ ಆತುರ ಬೇಡ. ಯಾಕೆ ಬರೆದರು ಅಂತ ಅರ್ಥವಾಗದ ಟ್ರಿಗರ್ ಸಿಕ್ಕರೆ ಮೊದಲು ಅದು ಬರೆಯುವ ಟೇಬಲ್ ಅನ್ನು ಯಾವ ರಿಪೋರ್ಟ್ ಓದುತ್ತದೆ ಹುಡುಕಿ. ತಿಂಗಳ ಕೊನೆಗೆ ಒಮ್ಮೆ ಮಾತ್ರ ಓಡುವ ರಿಪೋರ್ಟ್‌ಗಳನ್ನೂ ಸೇರಿಸಿ. ಆಮೇಲೆ ಟೆಸ್ಟ್ ಸರ್ವರ್‌ನಲ್ಲಿ ಡಿಸೇಬಲ್ ಮಾಡಿ, ಲೆಕ್ಕದವರನ್ನು ಕೂರಿಸಿಕೊಂಡು ಆ ರಿಪೋರ್ಟ್ ತೆಗೆಯಿರಿ.